ಹೊಸದಾಗಿ ಸೇರಿರೋ ಐಟಿಐ ಹುಡುಗ್ರಿಗೆ ಸೇಫ್ಟಿ ಹೇಗೆ ಕಲಿಸೋದು?

ರೂಮಲ್ಲಿ ಕೂರಿಸಿ ಪಿಪಿಟಿ ತೋರ್ಸಿದ್ರೆ ಆಕಳಿಸ್ತಾರೆ ಅಷ್ಟೆ, ಸೀದಾ ಮಷೀನ್ ಹತ್ರ ಕರ್ಕೊಂಡ್ ಹೋಗಿ. ಲೇತ್ (ಲೋಹದ ತುಂಡನ್ನ ತಿರುಗಿಸಿ ಕತ್ತರಿಸೋ ಮಷೀನ್) ಆದ್ರೆ ಮೊದ್ಲು ಚಕ್ ಕೀ ವಿಷ್ಯ, ಅಂದ್ರೆ ತುಂಡನ್ನ ಹಿಡ್ಕೊಳೋ ಚಕ್ಕನ್ನ ಬಿಗಿ ಮಾಡೋ ಕೀ, ಅದನ್ನ ಚಕ್ಕಲ್ಲೇ ಮರ್ತು ಆನ್ ಮಾಡಿದ್ರೆ ಮುಖಕ್ಕೇ ಹಾರಿ ಬರ್ಬಹುದು, ಆಮೇಲೆ ಗ್ಲೌಸ್ ಹಾಕ್ಕೋಬಾರ್ದು ಅನ್ನೋದು (ಇದು ಎಲ್ರಿಗೂ ಉಲ್ಟಾ ಅನ್ಸತ್ತೆ), ಯಾಕಂದ್ರೆ ತಿರುಗ್ತಿರೋ ಜಾಬ್‌ಗೆ, ಅಂದ್ರೆ ಆ ಲೋಹದ ತುಂಡಿಗೆ, ಗ್ಲೌಸ್ ಸಿಕ್ಕಾಕ್ಕೊಂಡ್ರೆ ಕೈನೂ ಒಳಗೆ ಎಳ್ಕೊಳತ್ತೆ. ಚಿಪ್ಸ್ (ಕತ್ತರಿಸಿದಾಗ ಬೀಳೋ ಲೋಹದ ಚೂರು) ತೆಗೆಯೋಕೆ ಬ್ರಷ್ಷೇ, ಕೈ ಅಲ್ಲ. ಹೇಳಿದ್ಮೇಲೆ ಅರ್ಥ ಆಯ್ತಾ ಅಂತ ಕೇಳ್ಬೇಡಿ, ಎಲ್ರೂ ಹೂಂ ಸಾರ್ ಅಂತಾರೆ, ಮಾಡಿ ತೋರ್ಸಪ್ಪ ಅನ್ನಿ. 18 ತುಂಬದವ್ರಿಗೆ ಪೂರ್ತಿ ಹೇಳಿಕೊಡ್ದೆ ಅಪಾಯದ ಮಷೀನ್‌ಗೆ ಹಾಕಬಾರ್ದು ಅಂತ 1948ರ ಫ್ಯಾಕ್ಟರೀಸ್ ಆಕ್ಟಲ್ಲೇ ಬರೆದಿದ್ರು. ಇನ್ನೊಂದು, ಪವರ್ ಪ್ರೆಸ್ಸಲ್ಲಿ (ತಗಡನ್ನ ಜೋರಾಗಿ ಒತ್ತಿ ಆಕಾರ ಕೊಡೋ ಮಷೀನ್) ಕೈ ಒಳಗೆ ಸಿಕ್ಕಾಕ್ಕೋಬಾರ್ದು ಅಂತ ಎರಡೂ ಕೈಲಿ ಒತ್ತೋ ಬಟನ್ ಇರತ್ತಲ್ಲ, ಸೀನಿಯರ್ಸು ಪ್ರೊಡಕ್ಷನ್ ಬೇಗ ಬರ್ಲಿ ಅಂತ ಒಂದಕ್ಕೆ ಟೇಪ್ ಸುತ್ತಿಟ್ಟಿದ್ರೆ ಹುಡುಗ ಕಲಿಯೋದು ಅದನ್ನೇ, ಟ್ರೈನಿಂಗ್‌ಗಿಂತ ಮುಂಚೆ ಆ ಟೇಪ್ ಕಿತ್ತಾಕ್ಸಿ.