ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಎಂಬಿಬಿಎಸ್ ಓದುವಾಗ ರಿಸರ್ಚ್ ಮಾಡಬೇಕಾ?

ಈ ತಿಂಗಳು ಬಂದ ಪತ್ರಗಳಲ್ಲಿ ಮೆಡಿಕಲ್ ಓದುವ ಮಕ್ಕಳದ್ದೇ ಜಾಸ್ತಿ. ಅದರಲ್ಲೂ ರಿಸರ್ಚ್ ಬಗ್ಗೆ ಕೇಳಿದವರು ತುಂಬಾ ಜನ. ನಾನು ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಪಾಠ ಮಾಡುವವನು, ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡುವುದು ನನ್ನ ದಿನದ ಕೆಲಸದ ಒಂದು ಭಾಗ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಎರಡನೇ ವರ್ಷದ ಎಂಬಿಬಿಎಸ್. ಕೆಲವು ಸೀನಿಯರ್‌ಗಳು ರಿಸರ್ಚ್ ಮಾಡು ಅಂತಾರೆ. ಉಳಿದವರು ಅದೆಲ್ಲ ಟೈಮ್ ವೇಸ್ಟ್, ನೀಟ್ ಪಿಜಿಯಲ್ಲಿ ಒಂದು ಮಾರ್ಕೂ ಸಿಗಲ್ಲ ಅಂತಾರೆ. ಯಾರ ಮಾತು ಕೇಳಲಿ?
ವಿದ್ಯಾರ್ಥಿನಿ, ಹಾಸನ

ಮಾರ್ಕಿನ ವಿಷಯದಲ್ಲಿ ಎರಡನೆಯವರು ಹೇಳಿದ್ದು ನಿಜ. ನೀಟ್ ಪಿಜಿ ಅಂದರೆ ಎಂಡಿ, ಎಂಎಸ್‌ಗೆ ಸೇರುವ ಪ್ರವೇಶ ಪರೀಕ್ಷೆ, ಅಲ್ಲಿ ಸೀಟು ಸಿಗುವುದು ರ‍್ಯಾಂಕಿನ ಮೇಲೆ, ನೀವು ಎಷ್ಟು ಪೇಪರ್ ಬರೆದಿದ್ದೀರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಮಾರ್ಕಿಗಾಗಿ ಅಂತ ಶುರು ಮಾಡುವುದಾದರೆ ಬೇಡ, ಆ ಸಮಯದಲ್ಲಿ ಪೆಥಾಲಜಿ ಓದಿ.

ಆದರೆ ಸೀಟು ಸಿಕ್ಕ ಮೇಲೆ ಏನು? ಎಂಡಿ, ಎಂಎಸ್‌ಗೆ ಥೀಸಿಸ್ ಕಡ್ಡಾಯ. ಡ್ಯೂಟಿ ಮೇಲೆ ಡ್ಯೂಟಿ, ನಿದ್ದೆ ಇಲ್ಲ, ಆ ಹೊತ್ತಿನಲ್ಲಿ ಮೊದಲ ಬಾರಿಗೆ "ಸ್ಯಾಂಪಲ್ ಸೈಜ್ ಅಂದ್ರೆ ಏನು ಸರ್" ಅಂತ ಬರುವ ಪಿಜಿಗಳನ್ನು ನೋಡಿದರೆ ಬೇಜಾರಾಗುತ್ತದೆ. ಅವರ ತಪ್ಪೇನೂ ಇಲ್ಲ, ಯಾರೂ ಮೊದಲೇ ಕಲಿಸಿರಲಿಲ್ಲ ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಾಳೆ ನೀವು ಕ್ಲಿನಿಕ್‌ನಲ್ಲಿ ಕೂತಾಗ ಕಂಪನಿಯ ಪ್ರತಿನಿಧಿ ಬಂದು ಬಣ್ಣದ ಹಾಳೆ ಮುಂದಿಟ್ಟು "ಡಾಕ್ಟರೇ, ಈ ಮಾತ್ರೆಯಿಂದ ಹೃದಯಾಘಾತ ಶೇ. 50ರಷ್ಟು ಕಡಿಮೆ" ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ ಅಲ್ವಾ? ಒಳಗೆ ನೋಡಿದರೆ, ಮಾತ್ರೆ ಇಲ್ಲದೆ 100 ಜನರಲ್ಲಿ 2 ಜನಕ್ಕೆ ಹೃದಯಾಘಾತ ಆಗುತ್ತಿತ್ತು, ಮಾತ್ರೆ ತಗೊಂಡವರಲ್ಲಿ 1. ಎರಡರಿಂದ ಒಂದಕ್ಕೆ ಇಳಿದರೆ ಅದು ಶೇ. 50 ಹೌದು. ಆದರೆ 100 ಜನ ನುಂಗಿದರೆ ಲಾಭ ಆಗುವುದು ಒಬ್ಬರಿಗೆ. ಉಳಿದ 99 ಜನ ದುಡ್ಡು ಕೊಡಬೇಕು, ಅಡ್ಡ ಪರಿಣಾಮ ಬಂದರೆ ಅದನ್ನೂ ಅನುಭವಿಸಬೇಕು. ಮಾತ್ರೆ ಕೊಡಬಾರದು ಅಂತಲ್ಲ, ಎದುರಿಗೆ ಕೂತಿರುವ ರೈತನಿಗೆ ಕೊಡಬೇಕೋ ಬೇಡವೋ ಅಂತ ನಿರ್ಧರಿಸಲು ಈ ಲೆಕ್ಕ ಬರಬೇಕು. ಪುಸ್ತಕ ಓದಿಯೂ ಇದನ್ನು ಕಲಿಯಬಹುದು. ಆದರೆ ಸ್ವಂತ ಕೈಯಿಂದ ಒಂದು ಚಿಕ್ಕ ಅಧ್ಯಯನ ಮಾಡಿದವರಿಗೆ ಇದು ತಲೆಯಲ್ಲಿ ಉಳಿಯುತ್ತದೆ, ಯಾಕೆಂದರೆ ಸಂಖ್ಯೆಗಳು ಹೇಗೆ ಹುಟ್ಟುತ್ತವೆ ಅಂತ ಅವರು ನೋಡಿರುತ್ತಾರೆ.

ಹಾಗಾಗಿ ನನ್ನ ಸಲಹೆ: ಐದೂವರೆ ವರ್ಷದಲ್ಲಿ ಒಂದೇ ಒಂದು ಮಾಡಿ. ಪೂರ್ತಿಯಾಗಿ, ಪ್ರಾಮಾಣಿಕವಾಗಿ ಮಾಡಿ. ನೀವು ಎರಡನೇ ವರ್ಷದಲ್ಲಿದ್ದೀರಿ, ಸಮಯ ಸರಿಯಾಗಿದೆ. ಕೊನೆಯ ವರ್ಷದಲ್ಲಿ ಹೊಸದಾಗಿ ಶುರು ಮಾಡಬೇಡಿ.

ಪ್ರಶ್ನೆ: ಐಸಿಎಂಆರ್ ಎಸ್‌ಟಿಎಸ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಮಧುಮೇಹ ಮತ್ತು ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಮಾಡೋಣ ಅಂದುಕೊಂಡೆ. ಗೈಡ್ ಸಿಗುತ್ತಿಲ್ಲ, ಕೇಳಿದವರೆಲ್ಲ "ನೋಡೋಣ" ಅಂತಾರೆ. ಏನು ಮಾಡಲಿ?
ವಿದ್ಯಾರ್ಥಿ, ಶಿವಮೊಗ್ಗ

ಉಳಿದ ಓದುಗರಿಗಾಗಿ ಎಸ್‌ಟಿಎಸ್ ಏನು ಅಂತ ಹೇಳಿಬಿಡುತ್ತೇನೆ. ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಅಂತ ಪೂರ್ತಿ ಹೆಸರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಶುರು ಮಾಡಿದ ಯೋಜನೆ ಇದು. ವಿದ್ಯಾರ್ಥಿ ತನ್ನದೇ ಕಾಲೇಜಿನ ಒಬ್ಬ ಅಧ್ಯಾಪಕರ ಕೈಕೆಳಗೆ ಎರಡು ತಿಂಗಳ ಚಿಕ್ಕ ಸಂಶೋಧನೆ ಮಾಡಬೇಕು. ಪ್ರೊಪೋಸಲ್ ಆಯ್ಕೆಯಾಗಬೇಕು, ವರದಿ ಬರೆದು ಕಳಿಸಬೇಕು, ವರದಿ ಒಪ್ಪಿಗೆಯಾದರೆ ಮಾತ್ರ ಸ್ಟೈಪೆಂಡ್ ಮತ್ತು ಸರ್ಟಿಫಿಕೇಟ್. ಇಂಟರ್ನ್‌ಗಳಿಗೆ ಇದು ಇಲ್ಲ. ಒಬ್ಬ ಗೈಡ್ ಒಂದು ಸಲಕ್ಕೆ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ತಗೊಳ್ಳಬಹುದು, ಅದಕ್ಕೇ ಅರ್ಜಿ ಕರೆಯುವ ಪ್ರಕಟಣೆ ಬಂದ ಮೇಲೆ ಗೈಡ್ ಹುಡುಕಲು ಹೊರಟವರಿಗೆ ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಪ್ರಕಟಣೆಗೆ ತಿಂಗಳುಗಳ ಮೊದಲೇ ಕೇಳಿ.

ಇನ್ನು ನಿಮ್ಮ ವಿಷಯ. ಕರುಳಿನ ಬ್ಯಾಕ್ಟೀರಿಯಾ ಅಂದರೆ ಸೀಕ್ವೆನ್ಸಿಂಗ್ (ಬ್ಯಾಕ್ಟೀರಿಯಾದ ಡಿಎನ್‌ಎ ಓದುವ ಪರೀಕ್ಷೆ) ಬೇಕು, ಅದಕ್ಕೆ ಲ್ಯಾಬ್ ಬೇಕು, ದುಡ್ಡು ಬೇಕು. ಎರಡು ತಿಂಗಳಲ್ಲಿ ಅದು ಆಗುವ ಮಾತಲ್ಲ. ಗೈಡ್‌ಗಳು "ನೋಡೋಣ" ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನೀವು ಶಿವಮೊಗ್ಗದಲ್ಲಿದ್ದೀರಿ! ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು ನಿಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ವೈರಸ್‌ಗೆ ಇವತ್ತಿಗೂ ಆ ಕಾಡಿನ ಹೆಸರೇ ಇದೆ. ಉಣುಗು ಕಚ್ಚಿದರೆ ಬರುತ್ತದೆ, ಬೇಸಿಗೆ ಹತ್ತಿರ ಬಂದಂತೆ ಜಾಸ್ತಿ, ದರಗು (ಒಣ ಎಲೆ) ತರಲು ಮತ್ತು ಸೌದೆಗೆ ಕಾಡಿಗೆ ಹೋಗುವವರಿಗೆ ಅಪಾಯ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೆಪಾ ಎಣ್ಣೆ ಹಂಚುತ್ತದೆ. ಈಗ ಹೇಳಿ, ಎಣ್ಣೆ ಸಿಕ್ಕ ಮನೆಗಳಲ್ಲಿ ಎಷ್ಟು ಜನ ನಿಜವಾಗಿ ಹಚ್ಚಿಕೊಂಡು ಕಾಡಿಗೆ ಹೋಗುತ್ತಾರೆ? ಹಚ್ಚಿಕೊಳ್ಳದವರು ಯಾಕೆ ಹಚ್ಚುವುದಿಲ್ಲ? ವಾಸನೆಯಾ, ಮೈ ಉರಿಯುತ್ತಾ, ಬಾಟಲಿ ಖಾಲಿಯಾಗಿದೆಯಾ, ಇಲ್ಲ ಏನೂ ಆಗಲ್ಲ ಅನ್ನುವ ಧೈರ್ಯವಾ? ಇದಕ್ಕೆ ಲ್ಯಾಬ್ ಬೇಡ. ಒಂದು ಪ್ರಶ್ನಾವಳಿ, ಒಂದು ಬೈಕು, ಜೊತೆಗೆ ಊರಿನ ಆಶಾ ಕಾರ್ಯಕರ್ತೆಯ ಸಹಾಯ ಸಾಕು. ಉತ್ತರ ಸಿಕ್ಕರೆ ಅದು ತಾಲ್ಲೂಕು ಆರೋಗ್ಯಾಧಿಕಾರಿಗೆ ನಾಳೆಯೇ ಉಪಯೋಗಕ್ಕೆ ಬರುತ್ತದೆ.

ಎಷ್ಟು ಜನರನ್ನು ಕೇಳಬೇಕು? ಪಾಠದಲ್ಲಿ ಬರುವ 4ಪಿಕ್ಯು ಸೂತ್ರ ನೆನಪಿದೆಯಾ? ಹತ್ತರಲ್ಲಿ ಇಬ್ಬರು ಹಚ್ಚಿಕೊಳ್ಳುತ್ತಾರೆ ಅಂತ ಅಂದಾಜು ಇಟ್ಟುಕೊಳ್ಳಿ, ಅಂದರೆ ಹಚ್ಚಿಕೊಳ್ಳುವವರು ಶೇ. 20, ಅದು ಪಿ; ಉಳಿದವರು ಶೇ. 80, ಅದು ಕ್ಯು. ಉತ್ತರ 5 ಅಂಶ ಆಚೀಚೆ ಆದರೆ ಪರವಾಗಿಲ್ಲ ಅನ್ನಿ. 4 ಗುಣಿಸು 20 ಗುಣಿಸು 80 ಅಂದರೆ 6,400. ಅದನ್ನು 5ರ ವರ್ಗ 25ರಿಂದ ಭಾಗಿಸಿದರೆ 256 ಜನ. ಎರಡು ತಿಂಗಳಲ್ಲಿ 256 ಜನ ಆಗುತ್ತದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಗೈಡ್ ಹತ್ತಿರ ಹೋಗಿ. ಖಾಲಿ ಕೈಯಲ್ಲಿ ಹೋಗಿ "ಸರ್, ಏನಾದ್ರೂ ಟಾಪಿಕ್ ಕೊಡಿ" ಅನ್ನುವವರಿಗೂ ಒಂದು ಹಾಳೆ ಹಿಡಿದು ಹೋಗುವವರಿಗೂ ಸಿಗುವ ಉತ್ತರ ಬೇರೆ.

ಮನುಷ್ಯರ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಸಭೆ ಯಾವಾಗ ಅಂತ ಮೊದಲೇ ವಿಚಾರಿಸಿ. ಒಂದು ಸಭೆ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ವಿದ್ಯಾರ್ಥಿಗಳ ಎಷ್ಟೋ ಪ್ರಾಜೆಕ್ಟ್‌ಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಡೇಟಾ ಸಂಗ್ರಹಿಸುವ ಮೊದಲು ನೋಡಿ, ಆಮೇಲಲ್ಲ. ಎಕ್ಸೆಲ್‌ನಲ್ಲಿ ತುಂಬುವಾಗ "ಇಲ್ಲ" ಅಂದವರಿಗೆ 0, "ಗೊತ್ತಿಲ್ಲ" ಅಂದವರಿಗೆ ಬೇರೆ ಸಂಖ್ಯೆ, ಕೇಳುವುದೇ ಬಿಟ್ಟುಹೋಗಿದ್ದರೆ ಖಾಲಿ ಬಿಡಿ. ಮೂರಕ್ಕೂ 0 ತುಂಬಿ, ಕೊನೆಗೆ ಯಾವುದು ಯಾವುದು ಅಂತ ತಿಳಿಯದೆ ಇಡೀ ಶ್ರಮ ನೀರುಪಾಲಾಗಿದ್ದನ್ನು ನೋಡಿದ್ದೇನೆ.

ಎಸ್‌ಟಿಎಸ್ ಸಿಗದಿದ್ದರೆ ಬಿಟ್ಟುಬಿಡಬೇಡಿ. ಎಥಿಕ್ಸ್ ಒಪ್ಪಿಗೆ ಪಡೆದು ವಿಭಾಗದ ಮಟ್ಟದಲ್ಲೇ ಮಾಡಬಹುದು. ನಿಮ್ಮ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳಿಗೆ ಏನು ನೆರವಿದೆ ಅಂತ ಕಾಲೇಜಿನ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: ನನ್ನ ಮಗ ಮೂರನೇ ವರ್ಷ ಮೆಡಿಕಲ್. ಪೇಪರ್ ಪ್ರಕಟಿಸಲು 15,000 ರೂಪಾಯಿ ಬೇಕು, ಒಂದು ವಾರದಲ್ಲಿ ಬರುತ್ತದೆ ಅಂತ ಕೇಳುತ್ತಿದ್ದಾನೆ. ಅವನ ಜೊತೆ ಇನ್ನೂ ಆರು ಜನರ ಹೆಸರು ಇದೆಯಂತೆ. ಕೊಡಬಹುದಾ?
ತಾಯಿ, ಮಂಡ್ಯ

ಕೊಡಬೇಡಿ ಅಮ್ಮಾ. ಕನಿಷ್ಠ ಈಗಲೇ ಕೊಡಬೇಡಿ.

ದುಡ್ಡು ತಗೊಳ್ಳುವ ಎಲ್ಲ ಪತ್ರಿಕೆಗಳೂ ಮೋಸ ಅಂತ ಹೇಳಲಾರೆ. ಓದುಗರಿಗೆ ಉಚಿತವಾಗಿ ಸಿಗುವ ಒಳ್ಳೆಯ ಪತ್ರಿಕೆಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ. ನನಗೆ ಅನುಮಾನ ಬಂದಿದ್ದು "ಒಂದು ವಾರ" ಅನ್ನುವ ಮಾತಿನಿಂದ. ನಿಜವಾದ ಪತ್ರಿಕೆಯಲ್ಲಿ ಲೇಖನವನ್ನು ಆ ವಿಷಯ ಬಲ್ಲ ಬೇರೆ ತಜ್ಞರು ಓದುತ್ತಾರೆ, ತಪ್ಪು ಹುಡುಕುತ್ತಾರೆ, ತಿದ್ದಿ ಕಳಿಸಿ ಅನ್ನುತ್ತಾರೆ. ಅದಕ್ಕೆ ತಿಂಗಳುಗಳು ಬೇಕು. ವಾರದಲ್ಲಿ ಒಪ್ಪಿಗೆ ಅಂದರೆ ಬಹುತೇಕ ಯಾರೂ ಓದಿಲ್ಲ ಅಂತಲೇ ಅರ್ಥ. ಇಂಥ ಕಡೆ ಬಂದ ಪೇಪರ್ ಮುಂದೆ ಅವನ ಹೆಸರಿಗೇ ಕಳಂಕ, ಅಳಿಸಲೂ ಆಗುವುದಿಲ್ಲ.

ಮಗನಿಗೆ ಹೇಳಿ, ಆ ಪತ್ರಿಕೆ ಮೆಡ್‌ಲೈನ್‌ನಲ್ಲಿ (ಆಯ್ದ ವೈದ್ಯಕೀಯ ಪತ್ರಿಕೆಗಳ ಸೂಚಿ) ಇದೆಯಾ ಅಂತ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗ್‌ನಲ್ಲಿ ನೋಡಲಿ, ಉಚಿತವಾಗಿ ನೋಡಬಹುದು. ಅಲ್ಲಿ ಇಲ್ಲದ ಒಳ್ಳೆಯ ಪತ್ರಿಕೆಗಳೂ ಇವೆ, ಹಾಗಾಗಿ ಕಾಲೇಜಿನ ಲೈಬ್ರರಿಯನ್‌ರನ್ನೂ ಕೇಳಲಿ. ಪತ್ರಿಕೆಯನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ ಇದೆ, ಗೂಗಲ್ ಸ್ಕಾಲರ್‌ನಲ್ಲಿ ಬರುತ್ತದೆ ಅನ್ನುವುದೆಲ್ಲ ಗುಣಮಟ್ಟದ ಗುರುತಲ್ಲ.

ಆರು ಜನರ ಹೆಸರಿನ ವಿಷಯ ನನಗೆ ಇನ್ನೂ ಚಿಂತೆ ತಂದಿತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕ ಯಾರು ಅನ್ನುವುದಕ್ಕೆ ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದಲ್ಲಿ ಗಣನೀಯ ಕೆಲಸ ಮಾಡಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲಿರಬೇಕು, ಕೊನೆಯ ಪ್ರತಿ ಓದಿ ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಹೊರಬೇಕು. ನಾಲ್ಕೂ ಬೇಕು. ದುಡ್ಡು ಹಂಚಿಕೊಂಡರೆ ಸಾಲದು. ಮಗನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ, "ಈ ಪೇಪರ್‌ನಲ್ಲಿ ನೀನು ಮಾಡಿದ್ದೇನು ಮಗಾ?" ಅವನು ಸಲೀಸಾಗಿ ವಿವರಿಸಿದರೆ ಒಳ್ಳೆಯ ಪತ್ರಿಕೆ ಹುಡುಕಲು ಗೈಡ್ ಸಹಾಯ ಮಾಡುತ್ತಾರೆ. ತಡವರಿಸಿದರೆ ಆ ಪಟ್ಟಿಯಿಂದ ಹೆಸರು ತೆಗೆಸಲಿ.

ಪ್ರಶ್ನೆ: ನಾನು ಮೈಸೂರಿನವಳು, ಓದುತ್ತಿರುವುದು ಕಲಬುರಗಿಯಲ್ಲಿ. ಓಪಿಡಿಯಲ್ಲಿ ಅಧ್ಯಯನಕ್ಕೆ ರೋಗಿಗಳನ್ನು ಸೇರಿಸಿಕೊಳ್ಳುವಾಗ ಅವರು ಫಾರ್ಮ್ ಓದದೇ ಹೆಬ್ಬೆಟ್ಟು ಒತ್ತುತ್ತಾರೆ. "ಡಾಕ್ಟರ್ ಹೇಳ್ಯಾರಂದ್ರ ಆತು" ಅಂತಾರೆ. ಇದು ಸರಿಯಾ ಅಂತ ಮನಸ್ಸಿಗೆ ಕಿರಿಕಿರಿ.
ವಿದ್ಯಾರ್ಥಿನಿ, ಕಲಬುರಗಿ

ಆ ಕಿರಿಕಿರಿ ಇರುವುದು ಒಳ್ಳೆಯದು, ಅದನ್ನು ಕಳೆದುಕೊಳ್ಳಬೇಡಿ.

ಅವರು ಒಪ್ಪಿದ್ದು ಅಧ್ಯಯನಕ್ಕಲ್ಲ, ಬಿಳಿ ಕೋಟಿಗೆ. ಬೇಡ ಅಂದರೆ ಔಷಧ ಕೊಡುವುದಿಲ್ಲವೇನೋ, ಸರದಿಯಲ್ಲಿ ಹಿಂದೆ ಹಾಕುತ್ತಾರೇನೋ ಅನ್ನುವ ಭಯ ಅವರಿಗಿರುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಸ್ಪಷ್ಟವಾಗಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಹೇಳಬೇಕು.

ಫಾರ್ಮ್ ಪಕ್ಕಕ್ಕಿಟ್ಟು ಮೊದಲು ಬಾಯಲ್ಲಿ ಹೇಳಿ. "ಅಮ್ಮಾ, ನಾನಿನ್ನೂ ಡಾಕ್ಟರ್ ಆಗಿಲ್ಲ, ಓದುತ್ತಿದ್ದೇನೆ. ನಿಮ್ಮ ಸಕ್ಕರೆ ಕಾಯಿಲೆ ಬಗ್ಗೆ ಸ್ವಲ್ಪ ಪ್ರಶ್ನೆ ಕೇಳ್ತೀನಿ, ಹತ್ತು ನಿಮಿಷ ಆಗುತ್ತೆ. ಇದರಿಂದ ನಿಮಗೆ ಈಗಲೇ ಏನೂ ಲಾಭ ಇಲ್ಲ. ಬೇಡ ಅಂದ್ರೂ ನಿಮ್ಮ ಔಷಧ, ನಿಮ್ಮ ಸರದಿ ಏನೂ ಬದಲಾಗಲ್ಲ." ಅಲ್ಲಿನ ಮಾತಿನಲ್ಲಿ ಇದನ್ನು ಹೇಗೆ ಹೇಳಬೇಕು ಅಂತ ನರ್ಸ್ ಅಕ್ಕನಿಂದ ಕಲಿಯಿರಿ. ಆಮೇಲೆ "ನಾನು ಹೇಳಿದ್ದು ಏನು, ನೀವೇ ಹೇಳಿ ನೋಡೋಣ" ಅಂತ ಕೇಳಿ. ಅವರು ತಿರುಗಿ ಹೇಳಿದರೆ ಹೆಬ್ಬೆಟ್ಟಿಗೆ ಅರ್ಥ ಬರುತ್ತದೆ. ಸಾಧ್ಯವಾದರೆ ಡಾಕ್ಟರನ್ನು ನೋಡಿ, ಔಷಧ ಕೈಗೆ ಬಂದ ಮೇಲೆ ಕೇಳಿ. ಆಗ ಬೇಡ ಅನ್ನುವವರು ಜಾಸ್ತಿ ಆಗಬಹುದು, ಆಗಲಿ ಬಿಡಿ. ಎಷ್ಟು ಜನ ಬೇಡ ಅಂದರು ಅಂತಲೂ ವರದಿಯಲ್ಲಿ ಬರೆಯಿರಿ.

ಪ್ರಶ್ನೆ: ಅಮೆರಿಕದಲ್ಲಿ ರೆಸಿಡೆನ್ಸಿ (ಅಲ್ಲಿನ ಪಿಜಿ ತರಬೇತಿ) ಮಾಡುವ ಆಸೆ. ಅಲ್ಲಿಗೆ ರಿಸರ್ಚ್ ಬೇಕೇ ಬೇಕಾ?
ವಿದ್ಯಾರ್ಥಿ, ಬೆಂಗಳೂರು

ಕಡ್ಡಾಯ ಅಂತ ಇಲ್ಲ, ಆದರೆ ತೂಕ ಇದೆ. 2022ರ ಜನವರಿಯಿಂದ ಅಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಮೊದಲ ಹಂತ ಸ್ಟೆಪ್ 1ಕ್ಕೆ ಅಂಕ ಕೊಡುವುದು ನಿಂತಿದೆ, ಪಾಸ್ ಅಥವಾ ಫೇಲ್ ಅಷ್ಟೇ. ಹಾಗಾಗಿ ಅರ್ಜಿಯ ಉಳಿದ ಭಾಗಗಳ ಕಡೆ ಕಣ್ಣು ಹೋಗುತ್ತದೆ. ಸಂದರ್ಶನದಲ್ಲಿ ನಿಮ್ಮ ಪೇಪರ್ ಬಗ್ಗೆ ಕೇಳುತ್ತಾರೆ, ಆಗ ನೀವೇ ಮಾಡಿದ ಒಂದು ಕೆಲಸ ಸುಮ್ನೆ ಹೆಸರು ಸೇರಿಸಿದ ಹತ್ತಕ್ಕಿಂತ ಹೆಚ್ಚು ಕೈ ಹಿಡಿಯುತ್ತದೆ.

ಪ್ರಶ್ನೆ: ನಾವು ಅಂದುಕೊಂಡಿದ್ದು ಒಂದು, ಫಲಿತಾಂಶ ಬಂದಿದ್ದು ಇನ್ನೊಂದು. ಪಿ ವ್ಯಾಲ್ಯೂ 0.4. "ಇದನ್ನೇನು ಬರೆಯೋದು, ಬಿಟ್ಟಾಕು" ಅಂತಾರೆ ಗೆಳೆಯರು. ಒಬ್ಬ ಸೀನಿಯರ್ ಅಂತೂ ಕೆಲವು ರೋಗಿಗಳನ್ನು ತೆಗೆದು ನೋಡು ಅಂದ.
ವಿದ್ಯಾರ್ಥಿ, ಹುಬ್ಬಳ್ಳಿ

ರೋಗಿಗಳನ್ನು ತೆಗೆದು ನೋಡಬೇಡಿ. ಅದು ಸುಳ್ಳು ಬರೆದಂತೆಯೇ, ಮತ್ತು ಆ ಸುಳ್ಳನ್ನು ನಂಬಿ ಯಾರೋ ಒಬ್ಬ ಡಾಕ್ಟರ್ ಯಾರಿಗೋ ಔಷಧ ಕೊಡುತ್ತಾರೆ.

1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅಂತ ಒಬ್ಬ ವಿದ್ಯಾರ್ಥಿ ಇದ್ದ. ಅವನ ಪ್ರೊಫೆಸರ್ ವಿಲಿಯಂ ಹೋವೆಲ್ ಕೊಟ್ಟಿದ್ದ ಕೆಲಸ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಅಧ್ಯಯನ ಮಾಡುವುದು. ಅವನಿಗೆ ಸಿಕ್ಕಿದ್ದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತು, ಪೂರಾ ಉಲ್ಟಾ. ಅವನು ಅದನ್ನು ಬಚ್ಚಿಡಲಿಲ್ಲ, ಪ್ರೊಫೆಸರ್‌ಗೆ ತೋರಿಸಿದ. ಆ ದಾರಿಯಲ್ಲಿ ಮುಂದೆ ಬಂದಿದ್ದು ಹೆಪಾರಿನ್, ನಿಮ್ಮ ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್‌ನಲ್ಲಿ ಇವತ್ತೂ ಬಳಸುತ್ತಾರೆ. ಅದಕ್ಕೂ ಮೊದಲು, 1869ರಲ್ಲಿ, ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ತನ್ನ ವಿದ್ಯಾರ್ಥಿ ಥೀಸಿಸ್‌ನಲ್ಲಿ ಮೇದೋಜ್ಜೀರಕ ಗ್ರಂಥಿಯ ಒಳಗಿನ ಪುಟ್ಟ ಕೋಶಗುಂಪುಗಳನ್ನು ವಿವರಿಸಿದ. ಅವು ಏನು ಮಾಡುತ್ತವೆ ಅಂತ ತನಗೆ ತಿಳಿಯದು ಎಂದೇ ಒಪ್ಪಿಕೊಂಡಿದ್ದ. ಆ ಕೋಶಗುಂಪುಗಳಿಂದ ಬರುವ ಇನ್ಸುಲಿನ್ ಅನ್ನು ಟೊರೊಂಟೊದಲ್ಲಿ ಬೇರ್ಪಡಿಸಿದ್ದು 1921ರಲ್ಲಿ, 52 ವರ್ಷ ಆದ ಮೇಲೆ.

ನಿಮ್ಮ ಅಧ್ಯಯನ ಇಷ್ಟು ದೊಡ್ಡದು ಆಗಬೇಕಿಲ್ಲ. ಪಿ ವ್ಯಾಲ್ಯೂ ಅಂದರೆ, ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ. 0.4 ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲೂ ಅಲ್ಲ, ನಿಮ್ಮ ಸ್ಯಾಂಪಲ್‌ನಲ್ಲಿ ಅದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ ಅಂತ. ಮೊದಲು ಗೈಡ್ ಜೊತೆ ಕೂತು ಸ್ಯಾಂಪಲ್ ಚಿಕ್ಕದಾಯಿತಾ, ಅಳತೆಯಲ್ಲಿ ತಪ್ಪಾಯಿತಾ ನೋಡಿ. ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು) ಹಾಕಿ, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ನಡುವೆ ಬಿಟ್ಟುಹೋದರು, ಎಲ್ಲ ಬರೆಯಿರಿ. ಪತ್ರಿಕೆ ಸಿಗದಿದ್ದರೆ ಕಾಲೇಜಿನ ಸಮ್ಮೇಳನದಲ್ಲಿ ಪೋಸ್ಟರ್ ಹಾಕಿ. ಮುಂದಿನ ಬ್ಯಾಚ್‌ನವರು ಅದೇ ವಿಷಯ ಎತ್ತಿಕೊಂಡರೆ ಅವರಿಗೆ ನಿಮ್ಮ ಪ್ರಶ್ನಾವಳಿ, ಯಾವ ಉತ್ತರಕ್ಕೆ ಯಾವ ಸಂಖ್ಯೆ ಅಂತ ಬರೆದಿಟ್ಟ ಕೋಡ್ ಶೀಟ್ ಎರಡನ್ನೂ ಕೊಡಿ.