ಗೋದಲಿ ಸಿದ್ಧ, ಮೋರಿ ಮಾತ್ರ ಕಟ್ಟಿದೆ

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಅತ್ತೆ ತೀರಿಕೊಂಡ ಮೇಲೆ ಮೊದಲ ಬಾರಿ ಕ್ರಿಸ್‌ಮಸ್‌ಗೆ ಎಲ್ಲರೂ ನಮ್ಮಲ್ಲಿ ಸೇರುತ್ತಿದ್ದಾರೆ. ಕುವೈತ್‌ನಿಂದ ನಾದಿನಿಯ ಸಂಸಾರವೂ ಬರುತ್ತದೆ. ಕೆಲವು ದಿನಗಳಿಂದ ಅಡುಗೆಮನೆಯ ಸಿಂಕ್‌ಗೆ ನೀರು ಬಿಟ್ಟರೆ ಬಚ್ಚಲಿನ ನೆಲದಲ್ಲಿ ಉಕ್ಕುತ್ತದೆ. ಪತಿ ಪ್ಲಂಬರ್‌ನನ್ನು ಕರೆಯಲು ಬಿಡುವುದಿಲ್ಲ. ತಾವೇ ಒಂದು ದಿನ ಪುಡಿ, ಇನ್ನೊಂದು ದಿನ ಆಸಿಡ್ ಸುರಿಯುತ್ತಾರೆ. ‘ಅಮ್ಮ ಇದ್ದಾಗ ಹೀಗಿರಲಿಲ್ಲ’ ಎಂದು ನಾದಿನಿ ಅಂದಾರೆಂಬ ಭಯ ನನಗೆ. ಹುಷಾರಿಲ್ಲವೆಂದು ಹೇಳಿ ಹಬ್ಬವನ್ನು ಬೇರೆ ಮನೆಗೆ ದಾಟಿಸಿಬಿಡಲೇ?

ಉತ್ತರ: ಆ ನೆಪ ನಡೆಯುವುದಿಲ್ಲ. ಹುಷಾರಿಲ್ಲ ಎಂದರೆ ನಾದಿನಿ ನಿಮ್ಮನ್ನು ನೋಡಿಕೊಳ್ಳಲು ಎರಡು ದಿನ ಮೊದಲೇ ಬಂದಿಳಿಯುತ್ತಾರೆ, ಅದೇ ಬಚ್ಚಲಿಗೆ.

ಮೊದಲು ಆ ಆಸಿಡ್ ನಿಲ್ಲಲಿ. ಮೋರಿ ಬಿಡಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದರ ಮೇಲೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೇ ಸಿಡಿಯಬಹುದು. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಪ್ಲಂಬರ್ ಬಂದಾಗ, ಅವರು ಕೈ ಹಾಕುವ ಮೊದಲೇ, ಏನೇನು ಸುರಿದಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.

ಸಿಂಕ್‌ನ ನೀರು ಬಚ್ಚಲಿನಲ್ಲಿ ಏಳುತ್ತಿದೆ ಎಂದರೆ ತೊಂದರೆ ಸಿಂಕ್‌ನ ಕೆಳಗಿಲ್ಲ. ಎರಡೂ ಕೂಡಿ ಮುಂದೆ ಹೋಗುವ ಕೊಳವೆಯಲ್ಲಿ ಎಲ್ಲೋ ಕಟ್ಟಿದೆ. ನೀರು ಎಲ್ಲಕ್ಕಿಂತ ತಗ್ಗಿನ ಬಾಯಿ ಹುಡುಕಿ ಬಚ್ಚಲಿನ ನೆಲದಲ್ಲಿ ನೀರು ಇಳಿಯುವ ನಹಾನಿ ಟ್ರ್ಯಾಪ್‌ನಿಂದ ಮೇಲೆ ಬರುತ್ತಿದೆ. ಹೊರಗಿನ ಚೇಂಬರ್, ಅಂದರೆ ಮೋರಿಯ ಕೊಳವೆ ಬಂದು ಸೇರುವ ಮುಚ್ಚಳವಿರುವ ಗುಂಡಿ, ತೆರೆದರೆ ಅರ್ಧ ಉತ್ತರ ಸಿಗುತ್ತದೆ. ಅದು ತುಂಬಿ ನಿಂತಿದ್ದರೆ ಅಡ್ಡಿ ಅದರಾಚೆಗೆ, ಬರಿದಾಗಿದ್ದರೆ ಮನೆ ಮತ್ತು ಚೇಂಬರ್ ನಡುವೆ. ಹಳೆಯ ಮಣ್ಣಿನ ಕೊಳವೆಗಳಾದರೆ ಕೀಲುಗಳಲ್ಲಿ ಮರದ ಬೇರು ನುಗ್ಗಿರುವುದೂ ಉಂಟು. ಶೌಚಗುಂಡಿಯೇ ತುಂಬಿದ್ದರೆ ಹೀರುವ ಯಂತ್ರದ ಲಾರಿ ತರಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ಜೀವಕ್ಕೆ ಅಪಾಯ, ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿಯೂ ಇದೆ.

ಅಂದಹಾಗೆ, ಮಕ್ಕಳು ಅಂಗಳದ ಕಾಂಕ್ರೀಟ್ ಹಲಗೆಯ ಮೇಲೆ ಹುಲ್ಲು ಹಾಸಿ ಗೋದಲಿ ಕಟ್ಟಿ ಮುಗಿಸಿದ್ದಾರೆ ಎಂದೂ ಬರೆದಿದ್ದೀರಿ. ಆ ಹಲಗೆ ಯಾವುದರದ್ದು ಎಂದು ನೋಡಿದಿರಾ? ಚೇಂಬರ್‌ನ ಮುಚ್ಚಳವೇ ಇರಬೇಕೆಂದು ನನಗೆ ಗುಮಾನಿ. ಬಾಲಯೇಸುವನ್ನೂ ಕುರಿಗಳನ್ನೂ ಇಂದೇ ಪಕ್ಕಕ್ಕೆ ಸರಿಸಿ.

ಪತಿಯ ವಿಚಾರ. ಅವರು ಉಳಿಸಲು ಹೊರಟಿರುವುದು ಪ್ಲಂಬರ್‌ನ ಕೂಲಿಯನ್ನಲ್ಲ. ತಾಯಿ ಇಲ್ಲದ ಮನೆಯನ್ನು ತಾನು ನಡೆಸಬಲ್ಲೆ ಎಂದು ತಂಗಿಗೆ ತೋರಿಸಬೇಕಾಗಿದೆ ಎಂದೇ ನನಗೆ ಕಾಣುತ್ತದೆ. ನಿಮ್ಮ ಭಯವೂ ಅದೇ ಅಲ್ಲವೇ? ಆದ್ದರಿಂದ ‘ನಿಮ್ಮಿಂದಾಗದು’ ಎನ್ನಬೇಡಿ. ‘ಭಾನುವಾರದವರೆಗೆ ನೀವು ನೋಡಿ, ಆಸಿಡ್ ಮಾತ್ರ ಬೇಡ. ಸೋಮವಾರಕ್ಕೆ ಪ್ಲಂಬರ್‌ಗೆ ಹೇಳಿದ್ದೇನೆ’ ಎನ್ನಿ, ಮತ್ತು ನಿಜವಾಗಿಯೂ ಹೇಳಿಡಿ. ಹಬ್ಬ ಹತ್ತಿರವಾದ ಹಾಗೆ ಆ ಊರಿನಲ್ಲಿ ಪ್ಲಂಬರ್ ಸಿಗುವುದು ಕಷ್ಟ. ಅವರಲ್ಲೂ ಎಷ್ಟೋ ಮಂದಿಗೆ ಅದೇ ಹಬ್ಬ.

ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕರಿದ ಎಣ್ಣೆ ಸಿಂಕ್‌ಗೆ ಹೋಗದಿರಲಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಂದಿಯ ಕೊಬ್ಬು ಅದಕ್ಕೂ ಮೊದಲೇ. ಬಿಸಿನೀರು ಸುರಿದರೆ ಅದು ಇನ್ನಷ್ಟು ಮುಂದೆ ಹೋಗಿ ಹೆಪ್ಪುಗಟ್ಟುತ್ತದೆ, ಅಷ್ಟೇ. ನೆವ್ರಿ ಕರಿದ ಬಾಣಲೆಯನ್ನೂ ಹಂದಿಮಾಂಸದ ಬಫಾತ್‌ನ ಪಾತ್ರೆಯನ್ನೂ ಹಳೆಯ ಪತ್ರಿಕೆಯಿಂದ ಒರೆಸಿಯೇ ತೊಳೆಯಿರಿ.

ನಾದಿನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರು ಹುಟ್ಟಿ ಬೆಳೆದ ಮನೆ ಅದು. ಮೋರಿ ಎಲ್ಲಿ ತಿರುಗುತ್ತದೆ, ಮೊದಲು ಎಲ್ಲಿ ಕಟ್ಟುತ್ತಿತ್ತು, ಅತ್ತೆ ಯಾರನ್ನು ಕರೆಸುತ್ತಿದ್ದರು ಎಂಬುದು ನಿಮಗಿಂತ ಅವರಿಗೇ ಗೊತ್ತಿರಬಹುದು. ಕೇಳಿ ನೋಡಿ. ‘ಅಮ್ಮ ಇದ್ದಾಗ’ ಎಂದು ಅವರು ಶುರುಮಾಡಿದರೆ ತಡೆಯಬೇಡಿ, ಪೂರ್ತಿ ಹೇಳಲಿ. ಎಷ್ಟಾದರೂ ತಾಯಿಯಿಲ್ಲದ ಹಬ್ಬ ಅವರಿಗೂ ಇದೇ ಮೊದಲು. ಕುವೈತ್‌ನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಇಂದು ರಾತ್ರಿ ಊಟ ಮುಗಿಸಿ ಕರೆ ಮಾಡಿದರೂ ಅವರು ಇನ್ನೂ ಎದ್ದಿರುತ್ತಾರೆ.