ತಳಕ್ಕಿಳಿದ ಕ್ಲಬ್‌ಗೆ ಯಾರನ್ನು ಮ್ಯಾನೇಜರ್ ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರಾಂಶ ಹೀಗಿದೆ. ನೀವು ಬೆಂಬಲಿಸುವ ಫುಟ್‌ಬಾಲ್ ಕ್ಲಬ್ 15 ಪಂದ್ಯಗಳಲ್ಲಿ 11 ಅಂಕ ಗಳಿಸಿ ಹಿಂಬಡ್ತಿಯ, ಅಂದರೆ ಕೆಳಗಿನ ದರ್ಜೆಯ ಲೀಗ್‌ಗೆ ಇಳಿಯುವ, ಸಾಲಿನಲ್ಲಿ ನಿಂತಿದೆ, ಇನ್ನೂ 23 ಪಂದ್ಯಗಳು ಬಾಕಿ. ಮ್ಯಾನೇಜರ್ ವಜಾ ಆಗಿದ್ದಾರೆ. ಆಡಳಿತ ಮಂಡಳಿಯ ಮುಂದೆ ಇಬ್ಬರ ಹೆಸರುಗಳಿವೆ. ಒಬ್ಬರು ಇಂಥದೇ ಇಕ್ಕಟ್ಟಿನಿಂದ ಮೂರು ಕ್ಲಬ್‌ಗಳನ್ನು ಪಾರು ಮಾಡಿದ, ಅರವತ್ತು ದಾಟಿದ ಹಿರಿಯರು. ಇನ್ನೊಬ್ಬರು ಈಗಿನ ತಂಡದ ಸಹಾಯಕ ಕೋಚ್, ಎಲ್ಲಿಯೂ ಮುಖ್ಯ ಹೊಣೆ ಹೊತ್ತವರಲ್ಲ. ಜೊತೆಗೆ, ‘ಅವಕಾಶಗಳು ಸಿಗುತ್ತಿವೆ, ಗೋಲು ಆಗುತ್ತಿಲ್ಲ, ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಗೋಲು ಬಿಟ್ಟುಕೊಡುತ್ತಿದ್ದೇವೆ’ ಎಂದು ಒಂದು ಸಾಲು ಸೇರಿಸಿದ್ದೀರಿ. ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಾಲೇ.

ಅನುಭವವೋ ಹೊಸತನವೋ ಎಂಬ ಚರ್ಚೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಎಲ್ಲಿಗೂ ತಲುಪುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾಯರ್ ಲೆವರ್‌ಕುಸೆನ್ 18 ತಂಡಗಳ ಬುಂಡೆಸ್‌ಲೀಗಾದಲ್ಲಿ 17ನೇ ಸ್ಥಾನದಲ್ಲಿತ್ತು. ಆಗ ಅದು ಕರೆದದ್ದು ಶಾಬಿ ಅಲೊನ್ಸೊ ಅವರನ್ನು. ರಿಯಲ್ ಸೊಸಿಯೆಡಾಡ್‌ನ ಎರಡನೇ ತಂಡವನ್ನು ನೋಡಿಕೊಂಡಿದ್ದವರು ಅವರು. ಯಾವುದೇ ಕ್ಲಬ್‌ನ ಮೊದಲ ತಂಡವನ್ನು ನಡೆಸಿದ ಅನುಭವ ಇರಲಿಲ್ಲ. ಆ ಋತುವಿನಲ್ಲಿ ತಂಡ 6ನೇ ಸ್ಥಾನಕ್ಕೆ ಏರಿತು, ಮುಂದಿನ ಋತುವಿನಲ್ಲಿ ಒಂದೂ ಲೀಗ್ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಸ್ಟೀವನ್ ಜೆರಾರ್ಡ್ ಅವರನ್ನು ತೆಗೆದು ಉನಾಯ್ ಎಮೆರಿ ಅವರನ್ನು ತಂದಿತು. ಅವರು ಸೆವಿಯಾ ಜೊತೆ ಮೂರು, ವಿಯಾರಿಯಲ್ ಜೊತೆ ಒಂದು, ಹೀಗೆ ನಾಲ್ಕು ಬಾರಿ ಯುರೋಪಿನ ಎರಡನೇ ಹಂತದ ಕ್ಲಬ್ ಟೂರ್ನಿಯಾದ ಯುರೋಪಾ ಲೀಗ್ ಗೆದ್ದವರು. ವಿಲ್ಲಾ ಆ ಋತುವನ್ನು 7ನೇ ಸ್ಥಾನದಲ್ಲಿ ಮುಗಿಸಿತು, ಮುಂದಿನದನ್ನು 4ನೇ ಸ್ಥಾನದಲ್ಲಿ. ಒಬ್ಬರು ಹೊಸಬರು, ಇನ್ನೊಬ್ಬರು ನುರಿತವರು. ಇಬ್ಬರೂ ಗೆದ್ದರು. ಹಾಗಾಗಿ ವಯಸ್ಸು ಮತ್ತು ಅನುಭವವನ್ನು ಇಟ್ಟುಕೊಂಡು ವಾದ ಮಾಡುವವರಿಗೆ ಎರಡೂ ಕಡೆ ಬೇಕಾದಷ್ಟು ಸಾಕ್ಷಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ನಾನು ಮೊದಲು ಕೇಳುವುದು ಬೇರೆಯದನ್ನು: ತಂಡ ಕೆಟ್ಟದಾಗಿ ಆಡಿ ಸೋಲುತ್ತಿದೆಯೇ, ಪರವಾಗಿಲ್ಲ ಎನ್ನುವಂತೆ ಆಡಿ ಸೋಲುತ್ತಿದೆಯೇ? ಫುಟ್‌ಬಾಲ್‌ನಲ್ಲಿ ಗೋಲುಗಳು ಅಪರೂಪ. ಒಂದು ಕಂಬಕ್ಕೆ ಬಡಿದ ಚೆಂಡು, ಒಂದು ತಪ್ಪು ಪೆನಾಲ್ಟಿ ಸಾಕು, ಮೂರು ಅಂಕ ಕೈತಪ್ಪುತ್ತವೆ. ಹತ್ತು ಹದಿನೈದು ಪಂದ್ಯಗಳ ಅಂಕಪಟ್ಟಿ ಧಾರಾಳವಾಗಿ ಸುಳ್ಳು ಹೇಳಬಲ್ಲದು. ಅದಕ್ಕೇ ಈಗ ಕ್ಲಬ್‌ಗಳು ‘ಎಕ್ಸ್‌ಜಿ’ ಎಂಬ ಲೆಕ್ಕ ಇಡುತ್ತವೆ. ಪ್ರತಿ ಹೊಡೆತ ಎಲ್ಲಿಂದ, ಯಾವ ಕೋನದಿಂದ ಬಂತು ಎಂಬುದನ್ನು ನೋಡಿ, ಅಂಥ ಹೊಡೆತ ಸಾಮಾನ್ಯವಾಗಿ ಎಷ್ಟು ಬಾರಿ ಗೋಲಾಗುತ್ತದೆ ಎಂದು ಅಳೆದು ಕೂಡುವ ಲೆಕ್ಕ ಅದು. ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್‌ನಲ್ಲಿ ಮ್ಯಾನೇಜರ್ ಯೂರ್ಗನ್ ಕ್ಲಾಪ್ ಅವರ ಕೊನೆಯ ವರ್ಷ, ಅಂದರೆ 2014-15ರಲ್ಲಿ, ತಂಡ ಚಳಿಗಾಲದ ಹೊತ್ತಿಗೆ ಪಟ್ಟಿಯ ಕಟ್ಟಕಡೆಗೆ ಜಾರಿತ್ತು. ಹೇಗೋ 7ನೇ ಸ್ಥಾನ ಮುಟ್ಟಿತು. ‘ಕ್ಲಾಪ್ ಕಥೆ ಮುಗಿಯಿತು’ ಎಂದವರು ಆಗ ಬಹಳ ಮಂದಿ. ಲಿವರ್‌ಪೂಲ್‌ನ ಅಂಕಿಅಂಶ ವಿಭಾಗ ಮಾತ್ರ ಆ ಪಂದ್ಯಗಳನ್ನು ಮತ್ತೆ ಅಳೆದು, ತಂಡ ಚೆನ್ನಾಗಿಯೇ ಆಡಿತ್ತು, ದುರದೃಷ್ಟ ಕಾಡಿತ್ತು ಎಂದು ಕಂಡುಕೊಂಡಿತು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು. 2019ರಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಪ್ರಶಸ್ತಿ ಬಂತು.

ಇದರ ಇನ್ನೊಂದು ಮುಖವೂ ಇದೆ. ಹೊಸ ಮ್ಯಾನೇಜರ್ ಬಂದ ಕೂಡಲೇ ತಂಡ ಎರಡು ಮೂರು ಪಂದ್ಯ ಗೆಲ್ಲುವುದನ್ನು ನೀವೂ ನೋಡಿರುತ್ತೀರಿ. ಪತ್ರಿಕೆಗಳು ಜಾದೂ ಎಂದು ಬರೆಯುತ್ತವೆ. ಮ್ಯಾನೇಜರ್‌ಗಳನ್ನು ತೆಗೆಯುವುದು ಸಾಮಾನ್ಯವಾಗಿ ಫಲಿತಾಂಶ ತೀರಾ ಕೆಳಗಿಳಿದಾಗ. ಅಲ್ಲಿಂದ ತನ್ನ ಮಟ್ಟಕ್ಕೆ ಮರಳುವುದು ತಂಡದ ಸಹಜ ಗತಿ. ನೆದರ್‌ಲೆಂಡ್ಸ್ ಲೀಗ್‌ನ ಸುಮಾರು ಎರಡು ದಶಕಗಳ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಪರಿಶೀಲಿಸಿದ್ದಾರೆ. ಮ್ಯಾನೇಜರ್‌ನನ್ನು ಬದಲಿಸಿದ ಕ್ಲಬ್‌ಗಳ ಜೊತೆಗೆ, ಅಷ್ಟೇ ಕೆಟ್ಟ ಸ್ಥಿತಿಗೆ ಬಂದರೂ ಬದಲಿಸದೆ ಉಳಿದ ಕ್ಲಬ್‌ಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡಿದ್ದವು. ನಿಮ್ಮಲ್ಲಿ ವಜಾ ಈಗಾಗಲೇ ಆಗಿಹೋಗಿರುವುದರಿಂದ ಆ ಮಾತು ಬಿಡೋಣ. ಆದರೆ ಹೊಸಬರ ಮೊದಲ ಮೂರು ಗೆಲುವು ಕಂಡು ಅವರೊಂದಿಗೆ ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಆತುರ ಮಂಡಳಿಗೆ ಬೇಡ.

ಇನ್ನು ಪಾರು ಮಾಡುವ ಹಿರಿಯರ ವಿಚಾರ. ಇಲ್ಲಿ ನಾನು ಇಂಗ್ಲೆಂಡಿನ ಸಂಡರ್‌ಲೆಂಡ್ ಕ್ಲಬ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 2013ರ ಮಾರ್ಚ್ ಕೊನೆಯಲ್ಲಿ ಮಾರ್ಟಿನ್ ಓ’ನೀಲ್ ಅವರನ್ನು ತೆಗೆದು ಪಾವೊಲೊ ಡಿ ಕಾನಿಯೊ ಅವರನ್ನು ತಂದರು, ತಂಡ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಅವರೂ ಹೋದರು. ಗುಸ್ ಪೊಯೆಟ್ ಬಂದು 2014ರಲ್ಲಿ ಉಳಿಸಿದರು. 2015ರ ಮಾರ್ಚ್‌ನಲ್ಲಿ ಅವರ ಸರದಿ. ಡಿಕ್ ಅಡ್ವೊಕಾಟ್ ಬಂದು ಉಳಿಸಿದರು. ಅಕ್ಟೋಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಸ್ಯಾಮ್ ಅಲ್ಲಾರ್ಡೈಸ್ ಬಂದು 2016ರಲ್ಲಿ ಉಳಿಸಿದರು. ನಾಲ್ಕು ವರ್ಷ, ನಾಲ್ಕು ಮ್ಯಾನೇಜರ್‌ಗಳು, ನಾಲ್ಕು ಬಾರಿ ಅಂಚಿನಿಂದ ಪಾರು. ಪ್ರತಿ ಮೇ ತಿಂಗಳು ಸಂಭ್ರಮ. ಪ್ರತಿಯೊಬ್ಬರೂ ತಮಗೆ ಬೇಕಾದ ಆಟಗಾರರನ್ನು ಕೊಂಡರು, ಮುಂದೆ ಬಂದವರಿಗೆ ಅವರು ಬೇಡವಾದರು, ಸಂಬಳ ಮಾತ್ರ ಕ್ಲಬ್‌ನ ತಲೆಯ ಮೇಲೆ ಉಳಿಯಿತು. ಅಲ್ಲಾರ್ಡೈಸ್ ಇಂಗ್ಲೆಂಡ್ ತಂಡಕ್ಕೆ ಹೋದ ಮೇಲೆ ಡೇವಿಡ್ ಮೊಯೆಸ್ ಬಂದರು. 2016-17ರಲ್ಲಿ ತಂಡ 24 ಅಂಕಗಳೊಂದಿಗೆ ಕೊನೆಯ ಸ್ಥಾನ ಪಡೆದು ಕೆಳಗಿಳಿಯಿತು, ಮರುವರ್ಷ ಇನ್ನೊಂದು ಮೆಟ್ಟಿಲು ಇಳಿದು ಮೂರನೇ ದರ್ಜೆಗೆ ಬಿತ್ತು. ಪ್ರೀಮಿಯರ್ ಲೀಗ್‌ಗೆ ಮರಳಿದ್ದು 2025ರಲ್ಲಿ. ಆಗ ಮ್ಯಾನೇಜರ್ ಆಗಿದ್ದವರು ರೆಜಿಸ್ ಲ ಬ್ರಿಸ್. ಅದಕ್ಕೆ ಹಿಂದಿನ ಋತುವಿನಲ್ಲಿ ಅವರು ಫ್ರಾನ್ಸ್‌ನ ಲೊರಿಯಾಂ ಕ್ಲಬ್‌ನೊಂದಿಗೆ ಮೊದಲ ದರ್ಜೆಯಿಂದ ಹಿಂಬಡ್ತಿ ಪಡೆದವರು! ಅರ್ಜಿಯ ಮೊದಲ ಪುಟವನ್ನಷ್ಟೇ ಓದುವ ಮಂಡಳಿ ಅವರನ್ನು ಸಂದರ್ಶನಕ್ಕೂ ಕರೆಯುತ್ತಿರಲಿಲ್ಲ.

ಹಾಗೆಂದು ಹಿರಿಯರು ಬೇಡವೇ ಬೇಡ ಎನ್ನುತ್ತಿಲ್ಲ. ರಕ್ಷಣಾ ವಿಭಾಗ ಸೋರುತ್ತಿದ್ದರೆ, ಎದುರಾಳಿಗಳು ಪ್ರತಿ ಪಂದ್ಯದಲ್ಲೂ ನಿಮಗಿಂತ ಹೆಚ್ಚು ಅವಕಾಶ ಪಡೆಯುತ್ತಿದ್ದರೆ, ಏಳೆಂಟು ಪಂದ್ಯಗಳು ಮಾತ್ರ ಉಳಿದಿದ್ದರೆ, ಅವರೇ ಸರಿ. ರಕ್ಷಣೆ ಮತ್ತು ಮಿಡ್‌ಫೀಲ್ಡ್‌ನ ಎರಡು ಸಾಲು ಬಿಗಿ ಮಾಡುವುದು, ಕಾರ್ನರ್ ಮತ್ತು ಫ್ರೀ ಕಿಕ್‌ಗಳಿಂದ ಗೋಲು ಕದಿಯುವುದು, ಇವು ವಾರ ಎರಡು ವಾರದಲ್ಲಿ ಕಲಿಸಬಹುದಾದ ಕೆಲಸಗಳು. ನಿಮ್ಮ ತಂಡದ ರೋಗ ಅದಲ್ಲ ಎಂಬುದು ನನ್ನ ಅನುಮಾನ.

ಎರಡನೆಯ ಪ್ರಶ್ನೆ, ಈಗ ಇರುವ ಆಟಗಾರರು ಯಾವ ಆಟಕ್ಕೆ ಒಗ್ಗುತ್ತಾರೆ? ಹೊಸ ಆಟಗಾರರನ್ನು ಕೊಳ್ಳಲು ಅವಕಾಶವಿರುವ ಅವಧಿ, ಅಂದರೆ ವರ್ಗಾವಣೆಯ ಕಿಟಕಿ, ಜನವರಿಯವರೆಗೆ ತೆರೆಯುವುದಿಲ್ಲ. ತೆರೆದರೂ ತಳದಲ್ಲಿರುವ ಕ್ಲಬ್‌ಗೆ ಒಳ್ಳೆಯ ಆಟಗಾರರು ಬರಲು ಹಿಂದೆಮುಂದೆ ನೋಡುತ್ತಾರೆ. ಮಂಡಳಿಗಳು ಮಾತ್ರ ಹೋದವರಿಗೆ ತದ್ವಿರುದ್ಧವಾದವರನ್ನು ಹುಡುಕುತ್ತವೆ. ಮೆದು ಸ್ವಭಾವದವರು ಹೋದರೆ ಗದರುವವರು, ದಾಳಿಯವರು ಹೋದರೆ ರಕ್ಷಣೆಯವರು. ಸೌತಾಂಪ್ಟನ್ 2022ರ ನವೆಂಬರ್‌ನಲ್ಲಿ ಲೂಟನ್ ಟೌನ್‌ನಿಂದ ನೇಥನ್ ಜೋನ್ಸ್ ಅವರನ್ನು ಕರೆತಂದಿತು. ಸಣ್ಣ ಹಣದಲ್ಲಿ ಲೂಟನ್ ಅನ್ನು ಮೇಲೆತ್ತಿದ ಸಮರ್ಥರು. ಆದರೆ ಸೌತಾಂಪ್ಟನ್‌ನ ಆಟಗಾರರಿಗೂ ಅವರ ಪದ್ಧತಿಗೂ ಹೊಂದಿಕೆಯೇ ಆಗಲಿಲ್ಲ. ತನ್ನ ರೀತಿಯಲ್ಲಿ ರಾಜಿ ಮಾಡಿಕೊಂಡೆ ಎಂದು ಅವರೇ ಪತ್ರಕರ್ತರ ಮುಂದೆ ಹೇಳಿಕೊಂಡರು. 14 ಪಂದ್ಯಗಳಲ್ಲಿ ಕೆಲಸ ಹೋಯಿತು, ತಂಡ ಕೊನೆಯ ಸ್ಥಾನದಲ್ಲಿ ಋತು ಮುಗಿಸಿತು. ಅವರು ಬಿಟ್ಟುಬಂದ ಲೂಟನ್ ಕುರ್ಚಿಗೆ ಬಂದವರು ರಾಬ್ ಎಡ್ವರ್ಡ್ಸ್. ಅದೇ ಋತುವಿನಲ್ಲಿ, 10 ಲೀಗ್ ಪಂದ್ಯಗಳಾದ ಮೇಲೆ ಪಕ್ಕದ ವಾಟ್‌ಫರ್ಡ್ ಅವರನ್ನು ಆಗದು ಎಂದು ಹೊರಹಾಕಿತ್ತು. ಮೇ ತಿಂಗಳಲ್ಲಿ ಲೂಟನ್ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಒಂದೇ ಋತು, ಒಬ್ಬರೇ ವ್ಯಕ್ತಿ, ಒಂದು ಕಡೆ ಅಯೋಗ್ಯ, ಇನ್ನೊಂದು ಕಡೆ ಹೀರೋ.

ಕ್ಲಾಡಿಯೊ ರಾನಿಯೇರಿ ಅವರದ್ದೂ ಇದೇ ಪಾಠ. 2014ರಲ್ಲಿ ಗ್ರೀಸ್ ತಂಡ ಅವರ ಕೈಕೆಳಗೆ ಪುಟ್ಟ ಫೆರೋ ದ್ವೀಪಗಳ ಎದುರು ಸೋತು, ಅವರು ಕೆಲಸ ಕಳೆದುಕೊಂಡಿದ್ದರು. 2015ರ ಜುಲೈನಲ್ಲಿ ಲೆಸ್ಟರ್ ಸಿಟಿ ಅವರನ್ನು ಕರೆದಾಗ ನಕ್ಕವರೇ ಹೆಚ್ಚು. ಹಿಂದಿನ ಋತುವಿನ ಕೊನೆಯ 9 ಪಂದ್ಯಗಳಲ್ಲಿ 7 ಗೆದ್ದು ಉಳಿದುಕೊಂಡ ತಂಡ ಅವರ ಕೈಗೆ ಸಿಕ್ಕಿತ್ತು. ಅದರ ವೇಗವನ್ನು, ಎದುರಾಳಿಯ ಚೆಂಡು ಕಸಿದು ಒಮ್ಮೆಲೇ ನುಗ್ಗುವ ಆಟವನ್ನು ಅವರು ಕೆಡಿಸಲು ಹೋಗಲಿಲ್ಲ. ಅವರ ಜಾಣತನ ಇದ್ದದ್ದು ಅಲ್ಲೇ. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಒಂಬತ್ತು ತಿಂಗಳಿಗೆ ಅವರನ್ನೂ ವಜಾ ಮಾಡಿದರು ಎಂಬುದು ಬೇರೆ ಮಾತು.

ನಿಮ್ಮ ಮಂಡಳಿಯಲ್ಲಿ ನಾನಿದ್ದರೆ ಸಂದರ್ಶನದಲ್ಲಿ ತತ್ವಶಾಸ್ತ್ರ ಕೇಳುವುದಿಲ್ಲ. ಇತ್ತೀಚೆಗೆ ಬಿಟ್ಟುಕೊಟ್ಟ ಒಂದು ಗೋಲಿನ ವಿಡಿಯೊವನ್ನು ಅಭ್ಯರ್ಥಿಯ ಮುಂದೆ ಹಾಕುತ್ತೇನೆ. 78ನೇ ನಿಮಿಷ ಎಂದಿಟ್ಟುಕೊಳ್ಳಿ. ನಿಮ್ಮ ಬಲ ಬದಿಯ ಬ್ಯಾಕ್ ಎದುರಾಳಿಯ ಪೆನಾಲ್ಟಿ ಬಾಕ್ಸ್ ಹತ್ತಿರ ಹೋಗಿದ್ದಾನೆ, ಮಿಡ್‌ಫೀಲ್ಡ್‌ನಲ್ಲಿ ಒಂದು ಸುಲಭದ ಪಾಸ್ ತಪ್ಪುತ್ತದೆ, ಅವನು ಬಿಟ್ಟುಹೋದ ಜಾಗಕ್ಕೆ ಚೆಂಡು ಬೀಳುತ್ತದೆ. ಸೆಂಟರ್ ಬ್ಯಾಕ್ ಅತ್ತ ಓಡಬೇಕೋ ನಡುವೆ ನಿಲ್ಲಬೇಕೋ ತೋಚದೆ ಅರೆಕ್ಷಣ ತಡೆಯುತ್ತಾನೆ, ಕೈ ಎತ್ತಿ ಆಫ್‌ಸೈಡ್ ಕೇಳುತ್ತಾನೆ. ಗೋಲು. ದುರ್ಬಲ ಅಭ್ಯರ್ಥಿ ಸೆಂಟರ್ ಬ್ಯಾಕ್ ಅನ್ನು ಬೈಯುತ್ತಾರೆ. ಬಲ್ಲವರು ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಎಂದು ಹೇಳಿ, ಪಾಸ್ ತಪ್ಪಿದಾಗ ಆ ಜಾಗ ಮುಚ್ಚಬೇಕಾದ ಮಿಡ್‌ಫೀಲ್ಡರ್ ನಡೆದುಕೊಂಡು ಬರುತ್ತಿರುವುದನ್ನು ತೋರಿಸುತ್ತಾರೆ. ಅವನು ಸೋಮಾರಿಯೇ, ದಣಿದಿದ್ದಾನೆಯೇ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲವೇ ಎಂದು ಕೇಳುತ್ತಾರೆ. ಬಳಿಕ ಅವರ ಕೈಗೆ ಒಂದು ಕಾಗದ ಕೊಟ್ಟು, ಗಾಯಾಳುಗಳನ್ನು ಬಿಟ್ಟು ಮುಂದಿನ ಶನಿವಾರದ ಹನ್ನೊಂದು ಹೆಸರು ಬರೆಯಿರಿ ಎನ್ನುತ್ತೇನೆ. ನಮ್ಮ ಆಟಗಾರರನ್ನು ನೋಡಿಯೇ ಇಲ್ಲದವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ಜೊತೆಗೆ ಯಾರನ್ನು ಕರೆತರುತ್ತಾರೆ, ಒಪ್ಪಂದದಲ್ಲಿ ಹಿಂಬಡ್ತಿಯಾದರೆ ಏನು ಎಂಬ ಷರತ್ತು ಇದೆಯೇ, ಇವನ್ನೂ ಕೇಳಬೇಕು. ಇವು ಬೇಸರದ ವಿಷಯಗಳು, ಆದರೆ ಮುಂದಿನ ವಜಾದ ವೆಚ್ಚ ಇಲ್ಲಿಯೇ ನಿರ್ಧಾರವಾಗುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಮಂಡಳಿಗಳು ಈ ಪುಟಗಳನ್ನು ಓದದೆ ಸಹಿ ಹಾಕುತ್ತವೆ.

ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಅವರಿಗೆ ಕೊಟ್ಟಷ್ಟು ಸಮಯ ಕೊಡಿ ಎನ್ನುವವರು ಒಂದನ್ನು ಮರೆಯುತ್ತಾರೆ. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬರುವ ಮೊದಲೇ ಅವರು ಅಬರ್‌ಡೀನ್ ಜೊತೆ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದಿದ್ದರು. ತಾಳ್ಮೆಗೆ ಅಲ್ಲಿ ಆಧಾರವಿತ್ತು. ನಿಮ್ಮ ಸಹಾಯಕ ಕೋಚ್‌ಗೆ ಹತ್ತಿರದ ಉದಾಹರಣೆ ಬ್ರೆಂಟ್‌ಫರ್ಡ್‌ನ ಥಾಮಸ್ ಫ್ರಾಂಕ್. 2018ರ ಅಕ್ಟೋಬರ್‌ನಲ್ಲಿ ಡೀನ್ ಸ್ಮಿತ್ ಕ್ಲಬ್ ಬಿಟ್ಟಾಗ ಸಹಾಯಕರಾಗಿದ್ದ ಫ್ರಾಂಕ್‌ಗೆ ಹೊಣೆ ಕೊಟ್ಟರು. ಮೊದಲ 10 ಪಂದ್ಯಗಳಲ್ಲಿ 8 ಸೋಲು. ಬೇರೆ ಕ್ಲಬ್ ಆಗಿದ್ದರೆ ಆಗಲೇ ಗೇಟು ತೋರಿಸುತ್ತಿತ್ತು. ಅವಕಾಶಗಳ ಲೆಕ್ಕವನ್ನು ನಂಬಿ ನಡೆಯುವ ಕ್ಲಬ್ ಅದು, ಕೈಬಿಡಲಿಲ್ಲ. ಫ್ರಾಂಕ್ ಹಿಂದೆ ಮೂವರು ಡಿಫೆಂಡರ್‌ಗಳ ವ್ಯವಸ್ಥೆಗೆ ಬದಲಿಸಿದರು, ತಂಡ ಹಳಿಗೆ ಬಂತು, 2021ರಲ್ಲಿ 74 ವರ್ಷಗಳ ನಂತರ ಮೊದಲ ದರ್ಜೆಗೆ ಏರಿತು. ಇದರ ಎದುರಿಗೆ ಕ್ರೇಗ್ ಶೇಕ್ಸ್‌ಪಿಯರ್ ಅವರನ್ನೂ ಇಡಬೇಕು. 2017ರಲ್ಲಿ ಲೆಸ್ಟರ್‌ನ ಸಹಾಯಕ ಸ್ಥಾನದಿಂದ ಮೇಲೇರಿ ಮೊದಲ ಐದು ಲೀಗ್ ಪಂದ್ಯ ಗೆದ್ದರು, ಜೂನ್‌ನಲ್ಲಿ ಕಾಯಂ ಆದರು, ಅಕ್ಟೋಬರ್‌ನಲ್ಲಿ ಹೊರಬಿದ್ದರು.

ಇಷ್ಟನ್ನೂ ನಿಮ್ಮ ಕ್ಲಬ್‌ಗೆ ಅನ್ವಯಿಸಿದರೆ ನನ್ನ ಮತ ಸಹಾಯಕ ಕೋಚ್‌ಗೆ, ಎರಡು ಷರತ್ತುಗಳ ಮೇಲೆ. ಅವಕಾಶಗಳು ನಿಜವಾಗಿಯೂ ಸಿಗುತ್ತಿವೆ ಎಂಬುದನ್ನು ಕ್ಲಬ್ ತನ್ನ ಲೆಕ್ಕದಿಂದ ಖಚಿತಪಡಿಸಿಕೊಳ್ಳಬೇಕು. ಅಭಿಮಾನಿಗಳಾದ ನಮ್ಮ ಕಣ್ಣಿಗೆ ನಮ್ಮ ತಂಡ ಯಾವಾಗಲೂ ದುರದೃಷ್ಟದ ತಂಡವೇ. ಒಪ್ಪಂದ ಋತುವಿನ ಕೊನೆಯವರೆಗೆ ಮಾತ್ರ ಇರಲಿ. ಕೊನೆಯ ಇಪ್ಪತ್ತು ನಿಮಿಷದ ಕುಸಿತಕ್ಕೆ ಒಬ್ಬ ಒಳ್ಳೆಯ ದೈಹಿಕ ತರಬೇತುದಾರ ಮತ್ತು ಬದಲಿ ಆಟಗಾರರನ್ನು ಬೇಗ ಇಳಿಸುವ ಧೈರ್ಯ ಬೇಕಾಗಬಹುದು. ಅದಕ್ಕಾಗಿ ಇಡೀ ಆಟದ ಪದ್ಧತಿ ಬದಲಿಸುವ ಹಿರಿಯರನ್ನು ತರಬೇಕಿಲ್ಲ. ಲೆಕ್ಕ ತದ್ವಿರುದ್ಧ ಬಂದರೆ, ಅಂದರೆ ಎದುರಾಳಿಗಳೇ ಹೆಚ್ಚು ಅವಕಾಶ ಪಡೆಯುತ್ತಿದ್ದಾರೆ ಎಂದಾದರೆ, ಹಿಂಜರಿಯದೆ ಆ ಹಿರಿಯರಿಗೇ ಫೋನ್ ಮಾಡಲಿ. ಮೇ ತಿಂಗಳಲ್ಲಿ ತಂಡ ಉಳಿದರೂ ಒಪ್ಪಂದ ಮುಂದುವರಿಸುವ ಮೊದಲು ಸಂಡರ್‌ಲೆಂಡ್‌ನ ಆ ನಾಲ್ಕು ವರ್ಷಗಳನ್ನು ಮಂಡಳಿಯವರು ಒಮ್ಮೆ ಓದಿಕೊಂಡು ಬರಲಿ.